ಮಾವ ಕೊಟ್ಟ ಅಳತೆ

ಸ್ಟಾಂಪು ಸಂಗ್ರಾಹಕರು ಅವಳನ್ನು ಅಂಚಿನಕ್ಕ ಎನ್ನುತ್ತಿದ್ದರು. ಯಂತ್ರದಲ್ಲಿ ಮಾರಲೆಂದು ಸುರುಳಿ ಸುತ್ತಿದ ಹಳೆಯ ಸ್ಟಾಂಪುಗಳಿಗೆ ಎರಡು ಅಂಚು ನೇರ, ಉಳಿದೆರಡಕ್ಕೆ ಮಾತ್ರ ರಂಧ್ರದ ಸಾಲು ಹರಿದಾಗ ಉಳಿಯುವ ಹಲ್ಲು. ಅವು ಅಪರೂಪ. ಹಾಳೆಯಲ್ಲಿ ಬರುವ ಸಾಮಾನ್ಯ ಸ್ಟಾಂಪಿನ ಎರಡು ಕಡೆ ಹಲ್ಲು ಕತ್ತರಿಸಿ ಸುರುಳಿಯದೆಂದು ನಂಬಿಸುವವರಿದ್ದರು. ಆದರೆ ಕತ್ತರಿಸಿದ್ದು ಅಸಲಿಗಿಂತ ಕೂದಲೆಳೆಯಷ್ಟು ಕಿರಿದಾಗಿಬಿಡುತ್ತದೆ. ಅದನ್ನು ಹಿಡಿಯುವುದು ಅವಳ ಕೆಲಸ. ಸೋದರಮಾವ ಬಿಟ್ಟುಹೋದ ಸುರುಳಿ ಸ್ಟಾಂಪನ್ನು ಗಾಜಿನ ಮೇಲಿಟ್ಟು, ಬಂದದ್ದನ್ನು ಚಿಮಟದಿಂದ ಅದರ ಮೇಲೆ ಹೊಂದಿಸುವಳು. ಸರಿಹೊಂದಿದರೆ ಅಸಲಿ.

ಸ್ಟಾಂಪಿನ ಅಂಗಡಿಯಿಟ್ಟಿದ್ದ ಅವಳ ತಮ್ಮ ಒಮ್ಮೆ ತಂದದ್ದು ಮಾವನ ಅಳತೆಗಿಂತ ಅಗಲವಾಗಿತ್ತು. ಅಗಲ ಹೆಚ್ಚಾದರೆ ಯಾರೋ ಹೊಸದಾಗಿ ಅಚ್ಚು ಹಾಕಿದ್ದೆಂದು ಅರ್ಥ. ಒಡಹುಟ್ಟಿದವನೆಂದು ನೋಡದೆ ಸಂಗ್ರಾಹಕರ ಸಂಘದವರೆದುರೇ ನಕಲಿ ಎಂದಳು. ಅವನು ಅಚ್ಚಣ್ಣನಾದ. ನಮಗೂ ಒಂದೆರಡು ಹಾಕಿಕೊಡಪ್ಪ ಎಂದು ಜನ ಛೇಡಿಸಿದರು. ಗಿರಾಕಿಗಳು ನಿಂತರು. ಈಗ ಅದೇ ಅಂಗಡಿಯಲ್ಲಿ ಕೊಡೆ ರಿಪೇರಿ ಮಾಡುತ್ತಾನೆ.

ಮೊನ್ನೆ ಔಷಧಿ ಅಂಗಡಿಯವನೊಬ್ಬ ಅಜ್ಜನ ಮೇಜಿನಲ್ಲಿ ಸಿಕ್ಕಿದ ಇಡೀ ಸುರುಳಿಯನ್ನೇ ತಂದ. ಅಂಚೆಯ ಮುದ್ರೆಯ ಹೊದಿಕೆ ಒಡೆದೇ ಇರಲಿಲ್ಲ. ಒಡೆದು ಒಂದನ್ನು ಮಾವನ ಸ್ಟಾಂಪಿನ ಮೇಲಿಟ್ಟಳು. ಇದೂ ಅಗಲ. ತಿರುಗಿಸಿಟ್ಟಳು. ಅಗಲವೇ.

ತಕ್ಕಡಿಯನ್ನು ಯಾರೂ ತೂಗಿ ನೋಡುವುದಿಲ್ಲ. ಮಾವನ ಸ್ಟಾಂಪನ್ನು ಅವಳು ಅಂದೇ ಮೊದಲ ಬಾರಿ ಸೂಕ್ಷ್ಮದರ್ಶಕದಡಿ ಇಟ್ಟಳು. ನೇರ ಅಂಚಿನುದ್ದಕ್ಕೂ ಸಣ್ಣ ತಗ್ಗುಗಳು: ಕತ್ತರಿ ಪೂರ್ತಿ ಅಳಿಸಲಾಗದ ರಂಧ್ರಗಳ ತಳ.

ತಮ್ಮನ ಅಂಗಡಿಗೆ ಹೋದಾಗ ಏದುಸಿರು ಬಿಡುತ್ತಿದ್ದಳು.

"ನಿನ್ನ ಆ ಸ್ಟಾಂಪು ಕೊಡೋ. ಇನ್ನೊಂದ್ಸಲ ನೋಡ್ಬೇಕು."

"ಯಾಕಕ್ಕಾ, ಇನ್ನೂ ಸ್ವಲ್ಪ ಮಾನ ಉಳಿದಿದೆ ಅಂತಲಾ?"

ಅವಳು ಎಲ್ಲ ಹೇಳಿದಳು. ಮಾವನದೇ ಕತ್ತರಿಸಿದ್ದು ಎಂದಾಗ ಅವನು ಕೊಡೆಯ ಕಡ್ಡಿ ಕೆಳಗಿಟ್ಟ.

"ಅವತ್ತೇ ಸುಟ್ಟುಬಿಟ್ಟೆ."

"ಯಾಕೋ? ನಿಂಗೆ ಗೊತ್ತಿತ್ತಲ್ಲ, ನೀನು ಮೋಸ ಮಾಡಿಲ್ಲ ಅಂತ."

"ನೀನು ಹೇಳಿದ್ಮೇಲೆ ನಂಗೂ ಅದು ನಕಲಿ ಅಂತಲೇ ಅನ್ನಿಸ್ತು."

ಸಂಘದವರೆದುರು ಅದು ಅಸಲಿ ಎನ್ನುತ್ತೇನೆ, ಬಾ ಎಂದು ಅವನ ತೋಳು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡ.

"ವಸ್ತು ನೋಡದೆ ಯಾವತ್ತಾದ್ರೂ ಹೇಳಿದ್ಯಾ ನೀನು?"

ಅವನು ಸ್ಟೂಲು ಸರಿಸಿ ಕೊಡೆಯ ಬಟ್ಟೆ ಚಾಚಿದ. "ಈ ತುದಿ ಬಿಗಿಯಾಗಿ ಹಿಡ್ಕೋ."

ಹಿಡಿದಳು. ಬಟ್ಟೆ ಜಾರಿ ಹೊಲಿಗೆ ಸೊಟ್ಟಗಾಯಿತು. ಅವನು ಬಿಚ್ಚಿ ಮತ್ತೆ ಹೊಲಿಯತೊಡಗಿದ.