ಟವೆಲ್ಲುಗಳೇ ತುಂಬಿದ್ದ ಕೊನೆಯ ಗಾಡಿ

ಹೋದ ವರ್ಷದ ಚಳಿಗಾಲ, ಒಂದು ಭಾನುವಾರ. ನನ್ನ ಹುದ್ದೆ ಸ್ವಯಂಸೇವಕ ಗಾರ್ಡ್. ಸಂಬಳ ಇಲ್ಲ, ಎರಡು ಬಾವುಟ, ಒಂದು ಸೀಟಿ, ಮಧ್ಯಾಹ್ನದ ಊಟ. ರೈಲ್ವೆಯಲ್ಲಿ ಮೂವತ್ತು ವರ್ಷ ಟಿಕೆಟ್ ಪರೀಕ್ಷಕಿಯಾಗಿ ದುಡಿದು ನಿವೃತ್ತಳಾದ ಮೇಲೆ, ಇನ್ನು ಯಾರ ಜೊತೆಗೂ ಜಗಳಕ್ಕೆ ನಿಲ್ಲುವುದಿಲ್ಲ ಎಂದು ಮನೆಯವರಿಗೆ ಮಾತು ಕೊಟ್ಟಿದ್ದೆ. ಅಂಥ ಮಾತು ಕೊಟ್ಟವಳು, ಜನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ನಮ್ಮ ಪುಟ್ಟ ರೈಲು ಹತ್ತಲು ಬರುವ ಫ್ಯಾಮಿಲಿ ಡೇ ದಿನ ಅಲ್ಲಿಗೆ ಹೋಗಲೇಬಾರದಿತ್ತು.

ಹುಬ್ಬಳ್ಳಿಯ ಉಣಕಲ್ ದಾಟಿ ಸ್ವಲ್ಪ ದೂರದಲ್ಲಿ ನಮ್ಮಂಥ ಕೆಲವು ನಿವೃತ್ತರು ಸೇರಿ ಒಂದು ಹಳೆಯ ಸ್ಟೀಮ್ ಇಂಜಿನ್ ಓಡಿಸುತ್ತೇವೆ. ಮರದ ಬೆಂಚುಗಳ ಎರಡು ಡಬ್ಬಿ, ಹೊಲಗಳ ನಡುವೆ ಪುಟ್ಟ ಹಳಿ. ಹೋಗಿ ಬರಲು ಅರ್ಧ ಗಂಟೆ. ಡ್ರೈವರ್ ಶಿವಪ್ಪಣ್ಣ, ವಯಸ್ಸು ಎಪ್ಪತ್ತು ದಾಟಿದೆ. ಹುಡುಗನಾಗಿದ್ದಾಗ ಇಂಥದೇ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತ ಕೆಲಸಕ್ಕೆ ಸೇರಿದವರು, ಆಮೇಲೆ ನಿವೃತ್ತಿಯವರೆಗೆ ಗೂಡ್ಸ್ ಗಾಡಿ ಓಡಿಸಿದವರು. ಮರುದಿನದಿಂದ ಇಂಜಿನ್ನಿನ ಬಾಯ್ಲರ್ ದೊಡ್ಡ ರಿಪೇರಿಗೆ ಹೋಗುವುದಿತ್ತು. ಅದು ತಿರುಗಿ ಬರುವ ಹೊತ್ತಿಗೆ ತಮ್ಮ ಕಣ್ಣು ಕೆಲಸ ಮಾಡುವುದಿಲ್ಲ, ಡಾಕ್ಟರು ಹೇಳಿದ್ದಾರೆ ಎಂದು ಶಿವಪ್ಪಣ್ಣ ನಮಗೆಲ್ಲ ಮೊದಲೇ ತಿಳಿಸಿದ್ದರು. ಅಂದರೆ ಅವರಿಗೆ ಅದು ಕೊನೆಯ ದಿನ.

ಬೆಳಿಗ್ಗೆ ಇಂಜಿನ್ ಒರೆಸುತ್ತ ಅವರು ನನಗೊಂದು ಮಾತು ಹೇಳಿದರು.

"ಅಕ್ಕಾರ, ನಮ್ಮಾಕಿ ನಾ ಓಡಿಸಿದ ಗಾಡ್ಯಾಗ ಒಂದ ಸಲನೂ ಕುಂತಿಲ್ಲರಿ. ಗೂಡ್ಸಿನ್ಯಾಗ ಹೆಂಡ್ತಿನ್ನ ಎಲ್ಲಿ ಕುಂದ್ರಸ್ಲಿ? ಇವತ್ತೊಂದು ಸೀಟು ನೋಡ್ರಿ."

ಒಂದು ಸೀಟು ತಾನೇ, ನೋಡಿದರಾಯಿತು ಅಂದುಕೊಂಡೆ. ರೈಲ್ವೆಯಲ್ಲಿ ಅಷ್ಟು ವರ್ಷ ತೆಗೆದವಳಿಗೆ, ಒಂದು ಸೀಟು ಅಂದರೆ ಅಷ್ಟು ಸುಲಭವಲ್ಲ ಎಂಬ ಬುದ್ಧಿಯಾದರೂ ಇರಬೇಕಿತ್ತು.

ಶಿವಪ್ಪಣ್ಣನ ಹೆಂಡತಿ ನೀಲವ್ವ ಆ ದಿನ ಪ್ಲಾಟ್‌ಫಾರ್ಮಿನ ಪಕ್ಕದ ಗಿರಮಿಟ್ಟಿನ ಅಂಗಡಿ ನೋಡಿಕೊಳ್ಳುತ್ತಿದ್ದರು. ಚುರಮುರಿಗೆ ಒಗ್ಗರಣೆಯ ಉಳ್ಳಾಗಡ್ಡಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೊಂದು ಮಿರ್ಚಿ ಇಟ್ಟು ಕೊಡುವ ಅವರ ಕೈ ಬಿಡುವಾಗಲೇ ಇಲ್ಲ. ಪ್ರತಿ ಗಾಡಿ ಹೊರಡುವಾಗಲೂ ನಾನು ಕರೆಯುವುದು, ಪ್ರತಿ ಸಲವೂ ಅವರು "ಇವ್ರದೊಂದು ಪ್ಲೇಟು ಕೊಟ್ಟು ಬಂದೆ ತಡೀರಿ" ಅನ್ನುವುದು. ಹೀಗೆ ಬೆಳಗಿನಿಂದ ಅಷ್ಟೂ ಗಾಡಿಗಳು ಅವರನ್ನು ಬಿಟ್ಟು ಹೋದವು. ಕೊನೆಗೆ ನಾನೇ ಅಂಗಡಿಯ ಮುಂದೆ ನಿಂತು, ಕೊನೆಯ ಗಾಡಿಗೆ ಕೈ ತೊಳೆದುಕೊಂಡು ಬರಲೇಬೇಕು ಎಂದು ಆಣೆ ಮಾಡಿಸಿಕೊಂಡೆ.

ಆ ಕೊನೆಯ ಗಾಡಿಗೆ ಬಂದದ್ದು ಹುಬ್ಬಳ್ಳಿಯ ಒಬ್ಬ ಹತ್ತಿ ವ್ಯಾಪಾರಿಯ ಕುಟುಂಬ. ಅಜ್ಜ, ಅಜ್ಜಿ, ಸೊಸೆಯರು, ಬೀಗರು, ಬೀಗರ ಬೀಗರು, ಮದುವೆಯ ದಿಬ್ಬಣವೇ ಅನ್ನಿ. ಯಜಮಾನರು ಬಂದವರೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಿಟಕಿಯಿಂದ ಒಳಗೆ ಟವೆಲ್ ಎಸೆಯತೊಡಗಿದರು. ಹಳೆಯ ಬಸ್ ಸ್ಟ್ಯಾಂಡಿನಲ್ಲಿ ಸುಳ್ಳ ಗ್ರಾಮದ ಬಸ್ಸಿಗೆ ಸೀಟು ಹಿಡಿಯಲು ಎಸೆದ ಹಾಗೆಯೇ. ಟವೆಲ್ಲು ಮುಗಿದ ಮೇಲೆ ಕರವಸ್ತ್ರ, ಕರವಸ್ತ್ರ ಮುಗಿದ ಮೇಲೆ ಮಕ್ಕಳ ಟೋಪಿ, ಕೊನೆಗೆ ಒಂದು ಬೆಂಚಿನ ಮೇಲೆ ಅರ್ಧ ಕಚ್ಚಿದ ಪೇರಲಹಣ್ಣು. ಸೀಟು ಹಿಡಿದಾಯಿತು. ಆಮೇಲೆ ಇಡೀ ದಿಬ್ಬಣ ನಿಶ್ಚಿಂತೆಯಿಂದ ಗಿರಮಿಟ್ಟು ತಿನ್ನಲು ಹೋಯಿತು.

ಯಾರ ಅಂಗಡಿಗೆ ಅಂತೀರಿ, ನೀಲವ್ವನ ಅಂಗಡಿಗೇ. ಅವರು ತಿಂದು ಮುಗಿಸುವವರೆಗೆ ನೀಲವ್ವ ಅಲ್ಲಾಡುವ ಹಾಗಿಲ್ಲ, ಅಲ್ಲಾಡಿ ಬಂದರೂ ಕೂರಲು ಜಾಗವಿಲ್ಲ. ನನ್ನ ತಲೆ ಕೆಟ್ಟುಹೋಯಿತು.

ಸ್ವಯಂಸೇವಕರು ಸದಾ ನಗುನಗುತ್ತ ಇರಬೇಕು, ದನಿ ಎತ್ತಬಾರದು ಎಂದು ನಮಗೆ ಹೇಳಿಟ್ಟಿದ್ದರು. ನಕ್ಕೆ. ನಕ್ಕು ಸೀಟಿ ಊದಿದೆ. ಅಂಗಡಿಗೇ ಹೋಗಿ, ಗಾಡಿ ಹೊರಡುತ್ತದೆ, ದಯವಿಟ್ಟು ಬನ್ನಿ ಎಂದೆ. "ಬಂದ್ವಿ ಬಂದ್ವಿ" ಎಂದು ಯಜಮಾನರು ಇನ್ನೊಂದು ಸುತ್ತು ಚಹಾ ಹೇಳಿದರು. ದಂಡ ಹಾಕುವ ಅಧಿಕಾರ ಕೈಯಲ್ಲಿದ್ದಾಗ ನಾನು ಜನರಿಗೆ ಇಷ್ಟು ಸಲ ದಯವಿಟ್ಟು ಎಂದವಳಲ್ಲ.

ಶಿವಪ್ಪಣ್ಣ ಇಂಜಿನ್ನಿನಿಂದ ಇಳಿದು ಬಂದರು. "ಪ್ರೆಶರ್ ಇಳ್ಯಾಕತ್ತೈತ್ರಿ ಅಕ್ಕಾರ. ಕಲ್ಲಿದ್ದಲು ಮುಗದೈತಿ. ಈಗ ಬಿಟ್ರ ಬಿಟ್ಟಂಗ, ಇಲ್ಲಾಂದ್ರ ಇಲ್ಲೆ ನಿಲ್ತೈತಿ." ಹೇಳಿದ್ದು ನನಗಾದರೂ ನೋಡುತ್ತಿದ್ದದ್ದು ಅಂಗಡಿಯ ಕಡೆಗೆ. ಸ್ಟೀಮ್ ಇಂಜಿನ್ ಮೋಟಾರಿನಂತಲ್ಲ. ಬಾಯ್ಲರಿನಲ್ಲಿ ಹಬೆಯ ಒತ್ತಡ ಇರುವವರೆಗೆ ಮಾತ್ರ ಓಟ. ಅದಕ್ಕೆ ಯಾರ ಚಹಾದ ಹಂಗೂ ಇಲ್ಲ.

ಅಷ್ಟರಲ್ಲಿ ನೀಲವ್ವ ಅಂಗಡಿಯನ್ನು ಹಾಗೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದೇಬಿಟ್ಟರು. ಡಬ್ಬಿಯೊಳಗೆ ಇಣುಕಿದರು. ಎರಡೂ ಡಬ್ಬಿ ಭರ್ತಿ, ಆದರೆ ಒಂದು ನರಪಿಳ್ಳೆಯೂ ಇಲ್ಲ. ನಾನು ಕಿಟಕಿಯ ಪಕ್ಕದ ಟವೆಲ್ಲಿಗೆ ಕೈ ಹಾಕಿದರೆ ಅವರೇ ನನ್ನ ಕೈ ಹಿಡಿದರು.

"ಬ್ಯಾಡ್ರಿ ಅಕ್ಕಾರ. ಅವ್ರು ಮದಲ ಹಾಕ್ಯಾರ. ಇನ್ನೊಬ್ಬರ ಟವೆಲ್ ತಗದು ಕುಂದ್ರೂದು ಛಲೋ ಅಲ್ಲ. ನಾ ಇಲ್ಲೆ ನಿಂತು ನೋಡ್ತೇನಿ, ಅಷ್ಟ ಸಾಕು."

ಖರೇ ಹೇಳುತ್ತೇನೆ, ಆ ಯಜಮಾನರ ಮೇಲೆ ಬಾರದ ಸಿಟ್ಟು ನನಗೆ ನೀಲವ್ವನ ಮೇಲೆ ಬಂತು. ಇಂಥವರು ಇರುವುದರಿಂದಲೇ ಟವೆಲ್ಲುಗಳ ದರಬಾರು ನಡೆಯುತ್ತದೆ. ಒಬ್ಬರು ಎಸೆಯುತ್ತಾರೆ, ಉಳಿದವರೆಲ್ಲ ಅದನ್ನು ದೇವರ ಪೀಠದ ಬಟ್ಟೆಯಂತೆ ಮುಟ್ಟದೆ ನಿಲ್ಲುತ್ತಾರೆ.

ನಾನು ಡಬ್ಬಿ ಹತ್ತಿದೆ. ಈ ತುದಿಯಿಂದ ಆ ತುದಿಯವರೆಗೆ ಟವೆಲ್ಲು, ಕರವಸ್ತ್ರ, ಟೋಪಿ, ಎಲ್ಲವನ್ನೂ ಬಳಿದು ಮಡಿಲಿಗೆ ಹಾಕಿಕೊಂಡೆ. ಪೇರಲಹಣ್ಣನ್ನೂ ಬಿಡಲಿಲ್ಲ. ನೀಲವ್ವನ ರಟ್ಟೆ ಹಿಡಿದು ಕಿಟಕಿಯ ಪಕ್ಕ ಕೂರಿಸಿದೆ. ಪ್ಲಾಟ್‌ಫಾರ್ಮಿನಲ್ಲಿ ಟವೆಲ್ ನೋಡಿ ಹತ್ತದೆ ನಿಂತಿದ್ದ ಮಂದಿಗೆಲ್ಲ, ಹತ್ತಿರಿ, ಜಾಗ ಇದೆ ಎಂದೆ. ಅವರೂ ಒಂದು ಗಳಿಗೆ ಅನುಮಾನಿಸಿಯೇ ಹತ್ತಿದರು.

ಆಗ ಓಡಿ ಬಂದರು ಯಜಮಾನರು, ಕೈಯಲ್ಲಿ ಪ್ಲೇಟು. ಬೆನ್ನ ಹಿಂದೆ ದಿಬ್ಬಣ.

"ಏನ್ರೀ ಮೇಡಮ್, ಟವೆಲ್ ಹಾಕಿದ್ದು ಕಾಣಲಿಲ್ಲೇನು?"

"ಟವೆಲ್ ಕಂಡ್ವುರಿ. ನೀವು ಕಾಣಲಿಲ್ಲ."

ಅವರ ಮನೆಯ ಹೆಂಗಸರು, ಮಕ್ಕಳು ಉಳಿದ ಸೀಟುಗಳಲ್ಲಿ ತುರುಕಿಕೊಂಡರು. ಯಜಮಾನರಿಗೆ ಮಾತ್ರ ಜಾಗ ಸಾಲಲಿಲ್ಲ. ಅವರ ತೋಳಿಗೆ ಅಷ್ಟೂ ಬಟ್ಟೆಯ ಗಂಟು ಇಟ್ಟು, ಹಸಿರು ಬಾವುಟ ತೋರಿಸಿದೆ. ಇಂಜಿನ್ ಏದುತ್ತ ಹೊರಟಿತು. ಶಿವಪ್ಪಣ್ಣ ದಾರಿಯುದ್ದಕ್ಕೂ ಬೇಕಿಲ್ಲದ ಕಡೆಯಲ್ಲೆಲ್ಲ ಸೀಟಿ ಹೊಡೆದರು. ನಿಯಮದ ಪ್ರಕಾರ ತಪ್ಪು. ನಾನು ಕೇಳಿಸಿಕೊಳ್ಳಲಿಲ್ಲ.

ತಿರುಗಿ ಬಂದಾಗ ಇಂಜಿನ್ನಿನಲ್ಲಿ ಉಸಿರಷ್ಟೇ ಉಳಿದಿತ್ತು. ನೀಲವ್ವ ಇಳಿದರು, ಮುಖದ ತುಂಬ ಮಸಿ. ಶಿವಪ್ಪಣ್ಣ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮುಂದೆ ಹಿಡಿದು ನಿಂತರು. ಆಕೆ ಅದನ್ನು ತೆಗೆದುಕೊಳ್ಳದೆ ಇಂಜಿನ್ನಿನ ಕಡೆಗೆ ತಿರುಗಿದರು.

"ಹಬ್ಬಕ್ಕ ಬರಲಿಲ್ಲ, ಬಾಣಂತನಕ್ಕ ಬರಲಿಲ್ಲ ಅಂತ ನಿಮಗ ಎಷ್ಟ ಬೈದೇನಿ," ಎಂದರು. "ಇದು ಸಿಕ್ಕಿದ್ರ ನಾನೂ ಮನೀಗೆ ಬರ್ತಿದ್ದಿಲ್ಲ ಬಿಡ್ರಿ."

ಶಿವಪ್ಪಣ್ಣ ಆ ಬಟ್ಟೆಯಿಂದ ತಮ್ಮ ಕಣ್ಣೊರೆಸಿಕೊಂಡರು. ಇನ್ನಷ್ಟು ಮಸಿಯಾಯಿತು.

ಮರುದಿನ ಯಜಮಾನರು ನನ್ನ ಮೇಲೆ ದೂರು ಕೊಟ್ಟರು, ಗಾರ್ಡ್ ಬಾಯಿ ಬಹಳ ಜೋರು ಎಂದು. ಬಹುಮಟ್ಟಿಗೆ ಸರಿಯಾದ ದೂರೇ. ನೀಲವ್ವ ಕೂಡ ಮೆಲ್ಲಗೆ ಕಿವಿ ಹಿಂಡಿದರು, ಮಂದಿ ಬಟ್ಟೆ ಹಂಗ ಬಳೀಬಾರ್ದಿತ್ತು ಎಂದು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಸೀಟು ಬಂದವರದ್ದು ಎಂಬುದು ಎಲ್ಲರಿಗೂ ಗೊತ್ತು, ಆದರೆ ಒಳ್ಳೆಯವರು ಯಾರೂ ಟವೆಲ್ ಎತ್ತುವುದಿಲ್ಲ. ಅದನ್ನು ಎತ್ತಿ ಕೆಟ್ಟವಳು ಅನ್ನಿಸಿಕೊಳ್ಳಲು ಒಬ್ಬರು ಬೇಕು. ಮೂವತ್ತು ವರ್ಷ ಆ ಕೆಟ್ಟ ಹೆಸರಿಗೆ ಸರ್ಕಾರ ನನಗೆ ಸಂಬಳ ಕೊಟ್ಟಿತು. ಆ ಭಾನುವಾರ ಬಿಟ್ಟಿ ಮಾಡಿದೆ.