ನಕ್ಷೆಯಲ್ಲಿ ಬಿಳಿ ಬಿಟ್ಟ ಜಾಗ

ನಮ್ಮ ರಾಜಾಜಿನಗರದ ಆಫೀಸಿನಲ್ಲಿ ಒಬ್ಬ ಹಳೆಯ ಸರ್ವೆಯರ್ ಇದ್ದರು. ಯಾವ ನಕ್ಷೆ ಮುಂದಿಟ್ಟರೂ ಕನ್ನಡಕವನ್ನು ಹಣೆಗೇರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಡೆದು ನೋಡಿದ್ರಾ?" ಅದನ್ನು ಕೇಳಿದರೆ ನಮಗೆಲ್ಲ ಮೈ ಉರಿಯುತ್ತಿತ್ತು.

ಕೆಂಗೇರಿಯಾಚೆ ಹೆದ್ದಾರಿಯನ್ನೂ ಗೂಡ್ಸ್ ರೈಲಿನ ಹಳಿಯನ್ನೂ ಒಟ್ಟಿಗೆ ಒಯ್ಯುವ ಯೋಜನೆ ಬಂದಾಗ ನಾವು ಕಂಪ್ಯೂಟರಿನಲ್ಲೇ ಗೆರೆ ಎಳೆದೆವು. ಕಂದಾಯವಿಲ್ಲದ ಖರಾಬು ಜಮೀನನ್ನು ನಕ್ಷೆಯಲ್ಲಿ ಬಿಳಿ ಬಿಡುವುದು ನಮ್ಮ ವಾಡಿಕೆ. ಬಿಳಿ ಕಂಡಲ್ಲೆಲ್ಲ ಹಳಿ ಹಾಯಿಸಿದೆವು. ಕೇಳುವವರಿಲ್ಲವಲ್ಲ!

ಅವರು ಮಾತ್ರ ಬಸ್ಸು ಹತ್ತಿ ಹೋಗಿ ಆ ಗೆರೆಯುದ್ದಕ್ಕೂ ನಡೆದರು. ಮರುದಿನ ಮೀಟಿಂಗಿಗೆ ಬಂದಾಗಲೂ ಪ್ಯಾಂಟಿನ ತುಂಬ ಉತ್ತರಾಣಿ ಮುಳ್ಳು. ಪರದೆಯ ಮೇಲಿನ ಬಿಳಿ ಚೌಕಕ್ಕೆ ಬೆರಳಿಟ್ಟರು.

"ಸಾರ್, ಇದು ಸ್ಮಶಾನ. ಮೂರು ಹಳ್ಳಿಗೆ ಇರೋದು ಇದೊಂದೇ. ನಿನ್ನೆ ಒಂದು ಗುಡ್ಡೆ ಮೇಲೆ ಹೂವು ಕೂಡ ಬಾಡಿರ್ಲಿಲ್ಲ."

"ರೆಕಾರ್ಡಲ್ಲಿ ಖಾಲಿ ಇದೆಯಲ್ರೀ," ಎಂದರು ದೊಡ್ಡ ಸಾಹೇಬರು.

"ಸತ್ತೋರು ಕಂದಾಯ ಕಟ್ತಾರಾ ಸಾರ್?" ಎಂದು ಸರ್ವೆಯರ್ ಮೇಜು ಗುದ್ದಿದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ನನ್ನತ್ತ ತಿರುಗಿದರು: "ನೀವು ನಡೆದು ನೋಡಿದ್ರಾ?"

ನಾನು ತಲೆಯೆತ್ತದೆ ಫೈಲು ತಿರುವಿದೆ.

ಮುಂದಿನ ತಿಂಗಳು ಅವರು ರಿಟೈರ್ ಆದರು. ಗೆರೆ ಒಂದು ಗೇಣೂ ಕದಲಲಿಲ್ಲ. ಈಗ ಆ ಬಿಳಿ ಜಾಗದಲ್ಲಿ ಜೆಸಿಬಿ ಅಗೆಯುತ್ತಿದೆ. ನೆನೆದರೆ ಸಿಟ್ಟು ನೆತ್ತಿಗೇರುತ್ತದೆ. ಯಾರ ಮೇಲೆ ಕಾರಲಿ? ಫೈಲಿನಲ್ಲಿ 'ಖುದ್ದಾಗಿ ಸ್ಥಳ ಪರಿಶೀಲಿಸಲಾಗಿದೆ' ಎಂಬ ಸಾಲಿನ ಕೆಳಗಿರುವುದು ನನ್ನ ಸಹಿ.