ತಾಟಿನ ಎಡಬದಿ

ನಮ್ಮ ಮನೆಯವರು ಸಾಂಗಲಿ ಪೇಟೆಯಲ್ಲಿ ಅರಿಶಿನದ ವ್ಯಾಪಾರಿ. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ವಸ್ತ್ರದ ಕೆಳಗೆ ಕೈ ಹಿಡಿದು ಬೆರಳಿನಿಂದಲೇ ತಿಳಿಸುತ್ತಾರೆ. ಅವತ್ತು ಇವರು ಬೆರಳು ಒತ್ತಿದರು. ಎದುರಿನವನಿಗೆ ತಿಳಿಯಲಿಲ್ಲ. ಮತ್ತೆ ಒತ್ತಲು ಹೋದರೆ ಬೆರಳು ಮಾತೇ ಕೇಳಲಿಲ್ಲ. ಮನೆಗೆ ಕರೆತಂದಾಗ ಬಾಯಿ ಕೊಂಚ ಸೊಟ್ಟಗಾಗಿತ್ತು.

ಲಕ್ವಾ.

ಇನ್ನೂ ನಲವತ್ತೈದು ತುಂಬದ ಗಂಡಸಿಗೆ! ನಮ್ಮ ಸಾಂಗಲಿ ರಾಜರ ಗಡಿ ದಾಟಿ ಮಿರಜಿನ ದವಾಖಾನೆ ಮುಟ್ಟುವವರೆಗೂ ಟಾಂಗಾದಲ್ಲಿ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದೆ.

"ಬ್ಲಡ್ ಪ್ರೆಶರ್ ಭಾಳ ಅದ. ಈ ಸಲ ಸಣ್ಣದರಾಗ ಹೋತು. ಇಳೀಲಿಲ್ಲಂದ್ರ ಮತ್ತ ಹೊಡೀತದ. ಉಪ್ಪು ಬಿಡಸ್ರಿ" ಎಂದರು ಡಾಕ್ಟರು.

ಬಿಡಿಸಿದೆ. ಪಲ್ಯಕ್ಕಿಲ್ಲ, ಬೇಳೆಗಿಲ್ಲ, ಮಜ್ಜಿಗೆಗೂ ಇಲ್ಲ. ಕೈ ನಿಧಾನಕ್ಕೆ ಹಾದಿಗೆ ಬಂತು, ಅಂಗಿಯ ಗುಂಡಿ ತಾವೇ ಹಾಕಿಕೊಳ್ಳತೊಡಗಿದರು. ಪ್ರೆಶರ್ ಮಾತ್ರ ಇಳಿಯಲೊಲ್ಲದು. ಮತ್ತೆ ತೋರಿಸಲು ಹೋದಾಗ ಡಾಕ್ಟರು ನನ್ನ ಕಡೆ ತಿರುಗಿದರು.

"ಖರೇ ಹೇಳ್ರಿ ಅಕ್ಕಾರ, ತಾಟಿನಾಗ ಏನೇನ್ ಇರ್ತದ?"

ಹೇಳುತ್ತ ಹೇಳುತ್ತ ತಾಟಿನ ಎಡಬದಿಗೆ ಬಂದೆ. ಮಾವಿನ ಉಪ್ಪಿನಕಾಯಿ, ಶೇಂಗಾ ಚಟ್ನಿ, ಹಪ್ಪಳ, ಕರಿದ ಮಜ್ಜಿಗೆ ಮೆಣಸಿನಕಾಯಿ.

"ಇವುಕ್ಕ ಉಪ್ಪಿಲ್ಲೇನ್ರಿ?"

ಅಯ್ಯ ಶಿವನೇ! ಅಡಿಗೆ ಎಂದರೆ ನಮಗೆ ಒಲೆಯ ಮೇಲೆ ಬೇಯುವುದು. ಎಡಬದಿ ಅತ್ತೆಯವರ ರಾಜ್ಯ, ಅಲ್ಲಿ ನಾನು ಕೈ ಹಾಕಿದವಳೇ ಅಲ್ಲ. ಮಗ ಸಪ್ಪೆ ಉಣ್ಣುತ್ತಾನೆಂದು ಕರುಳು ಚುರ್ರೆಂದು ಅವರು ಒಂದು ಹೋಳು ಹೆಚ್ಚೇ ಬಡಿಸುತ್ತಿದ್ದರು. ಪಾಪ, ನಾಲ್ಕು ತುತ್ತು ಹೆಚ್ಚು ಹೋಗಲಿ ಎಂದು ನಾನೂ ಸುಮ್ಮನಿದ್ದೆ.

ಮನೆಗೆ ಬಂದು ಹೇಳಿದೆ. ಅತ್ತೆಯವರು ಗೋಡೆಗೆ ಒರಗಿ ಕೂತುಬಿಟ್ಟರು.

"ನನ್ನ ಕೈಲೇನ ಹಾಕೀನಲ್ಲವಾ!"

"ಇಬ್ರೂ ಕೂಡೇ ಹಾಕೇವ್ರಿ ಅತ್ತಿ. ಅಳಬ್ಯಾಡ್ರಿ" ಎಂದೆ. ಅಳುತ್ತಿದ್ದವಳು ನಾನೂ.

ಮರುದಿನ ಎಡಬದಿಗೆ ಒಂದು ಹೋಳು ನಿಂಬೆ, ನಾಲ್ಕು ಚೂರು ಸೌತೆಕಾಯಿ. ಇವರು ತಾಟು ನೂಕಿದರು. "ಇಂಥಾದ್ದು ಉಂಡು ಬದುಕೂದ್ರಾಗ ಏನೈತಿ?"

ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯವರು ಅದೇ ಸಪ್ಪೆ ಪಲ್ಯ ಬಡಿಸಿಕೊಂಡು ಮಗನ ಪಕ್ಕದಲ್ಲಿ ಕೂತರು. ಉಪ್ಪಿನಕಾಯಿ ಇಲ್ಲದೆ ತುತ್ತೆತ್ತದ ಜೀವ ಅದು. ಒಂದು ತುತ್ತು ತಿಂದು ಮುಖ ಕಿವುಚಿದರು.

"ಥೂ! ಖರೇನ ಭಾಳ ಸಪ್ಪಗೈತೋ. ಆದ್ರೂ ಉಣ್ಣಪಾ. ನನಗ ಮಣ್ಣು ಕೊಡಾಕ ನೀ ಇರಬೇಕು."

ಇವರು ತಾಟನ್ನು ಹತ್ತಿರ ಎಳೆದುಕೊಂಡರು.

ಮೊನ್ನೆ ನೋಡಿಸಿದಾಗ ಪ್ರೆಶರ್ ಒಂದಿಷ್ಟು ಇಳಿದಿತ್ತು. ನನ್ನ ಹೆದರಿಕೆ ಪೂರ್ತಿ ಹೋಗಿಲ್ಲ. ದಿನಾ ನನ್ನ ಅಡಿಗೆಯನ್ನು ತಾಯಿ ಮಗ ಸೇರಿ ಬೈಯುತ್ತಾರೆ. ಬೈಯಲಿ. ಬೈಯುವುದಕ್ಕೆ ಇಬ್ಬರೂ ಇದ್ದಾರಲ್ಲ.